ನಡೆದು ಕಲಿತ ವಿದ್ಯಾರ್ಥಿ: ಸ್ವಾಮಿ ರಾಮಾನಂದ ತೀರ್ಥರು

ರಜೆ ಬಂತೆಂದರೆ ಇಂದಿನ ವಿದ್ಯಾರ್ಥಿಗಳು ಹೆಗಲಿಗೆ ಚೀಲ ಏರಿಸಿ ಊರೂರು ನೋಡಲು ಹೊರಡುತ್ತಾರೆ. ಉಮರ್ಗಾದ ಬಸ್ ನಿಲ್ದಾಣದಲ್ಲಿ, ನಿಲಂಗಾದ ನೀಲಕಂಠೇಶ್ವರ ದೇವಾಲಯದ ಅಂಗಳದಲ್ಲಿ, ಖರೋಸಾದ ಗುಹೆಗಳ ಮುಂದೆ, ಉದಗೀರದ ಕೋಟೆಯ ಬಾಗಿಲಲ್ಲಿ ಅಂಥ ತರುಣರು ಕಾಣಸಿಗುತ್ತಾರೆ. ಅವರಲ್ಲಿ ನಿಲಂಗಾ, ಉದಗೀರಗಳ ಕಾಲೇಜುಗಳಲ್ಲಿ ಓದುವವರ ಅಂಕಪಟ್ಟಿಯ ಮೇಲೆ ಒಬ್ಬ ಸಂನ್ಯಾಸಿಯ ಹೆಸರು ಅಚ್ಚಾಗಿರುತ್ತದೆ. ನಾಂದೇಡದ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡಾ ವಿಶ್ವವಿದ್ಯಾಲಯವೆಂಬ ಆ ಹೆಸರನ್ನು ಪ್ರತಿವರ್ಷ ಪರೀಕ್ಷೆಯ ಅರ್ಜಿಯಲ್ಲಿ ತುಂಬುವವರು ಸಹಸ್ರಾರು. ಆ ಸ್ವಾಮಿಗಳು ಕನ್ನಡದ ಊರಿನಲ್ಲಿ ಹುಟ್ಟಿದವರು, ಓದಿಗಾಗಿ ಊರಿಂದೂರಿಗೆ ಅಲೆದವರು, ಈ ಗಡಿಭಾಗದ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದವರು ಎಂಬುದನ್ನು ಬಲ್ಲವರು ಮಾತ್ರ ವಿರಳ.

ಸ್ವಾಮಿಗಳ ಪೂರ್ವಾಶ್ರಮದ ಹೆಸರು ವೆಂಕಟೇಶ ಭವಾನರಾವ ಖೇಡಗೀಕರ. 1903ರ ಅಕ್ಟೋಬರ್ 3ರಂದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಅವರ ಜನನವಾಯಿತು. ಆಗ ಆ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ನಿಜಾಮರ ಸೀಮೆ, ಉತ್ತರಕ್ಕೆ ಭೀಮೆಯನ್ನು ದಾಟಿ ಹೋದರೆ ಸೊಲ್ಲಾಪುರ. ಮನೆಯಂಗಳದಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಎಂಬ ಸ್ಥಿತಿ ಈ ಸೀಮೆಯ ಮಕ್ಕಳಿಗೆ ಹೊಸದಲ್ಲ. ವೆಂಕಟೇಶನ ಬಾಲ್ಯವೂ ಅಂಥದೇ ನೆಲದಲ್ಲಿ ಬೆಳೆಯಿತು. ಮುಂದಿನ ಓದಿಗಾಗಿ ಹುಡುಗ ಸೊಲ್ಲಾಪುರವನ್ನು ಸೇರಿದನು. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಬೀದಿಯಲ್ಲಿ ಕೇಳಿಬರುವ ಗಿರಣಿಗಳ ಊರು ಅದು.

1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ನಿಧನರಾದರು. ಆಗ ವೆಂಕಟೇಶನಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಆಜನ್ಮ ಬ್ರಹ್ಮಚಾರಿಯಾಗಿದ್ದು ದೇಶದ ಕೆಲಸಕ್ಕೆ ಬದುಕನ್ನು ಮುಡಿಪಿಡುವುದಾಗಿ ಆ ಸಂದರ್ಭದಲ್ಲಿ ಆತ ಸಂಕಲ್ಪ ಮಾಡಿದನು. ಆ ವಯಸ್ಸಿನ ಸಂಕಲ್ಪಗಳು ಬಹುಮಟ್ಟಿಗೆ ಆ ವಯಸ್ಸಿನೊಡನೆಯೇ ಮುಗಿಯುತ್ತವೆ. ಇದು ಕೊನೆಯವರೆಗೂ ಉಳಿಯಿತು. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಸರ್ಕಾರಿ ಶಿಕ್ಷಣಕ್ಕೆ ಬೆನ್ನು ತಿರುಗಿಸಿದ ಸಾವಿರಾರು ತರುಣರಲ್ಲಿ ಅವನೂ ಒಬ್ಬನಾದನು. ಹಾಗೆ ಹೊರಬಂದವರಿಗೆ ಮುಂದಿನ ದಾರಿ ಸುಗಮವಾಗಿರಲಿಲ್ಲ. ರಾಷ್ಟ್ರೀಯ ಶಾಲೆಗಳು ಅಲ್ಲೊಂದು ಇಲ್ಲೊಂದು ಇದ್ದವು. ಅವುಗಳ ಪದವಿಗೆ ಸರ್ಕಾರದ ಮನ್ನಣೆಯಿರಲಿಲ್ಲ. ಪದವಿ ಪಡೆದರೂ ನೌಕರಿಯ ಭರವಸೆಯಿರಲಿಲ್ಲ. ಖಾನದೇಶದ ಅಮಳನೇರದಲ್ಲಿ ಕೆಲಕಾಲ, ಬಳಿಕ ಪುಣೆಯ ತಿಲಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ವೆಂಕಟೇಶರ ವ್ಯಾಸಂಗ ನಡೆಯಿತು. ಎಂ.ಎ. ಪದವಿಯೂ ದೊರೆಯಿತು. ವಿದ್ಯೆಯನ್ನು ಅರಸಿ ಊರಿಂದೂರಿಗೆ ಹೋಗುವ ಹಳೆಯ ಪದ್ಧತಿ ಹೊಸ ಕಾಲದಲ್ಲಿ ಹೀಗೆ ಮರಳಿ ಬಂದಿತ್ತು. ಒಂದು ಭೇದವಿತ್ತು: ಹಿಂದಿನವರು ಶಾಸ್ತ್ರ ಕಲಿಯಲು ಕಾಶಿಗೆ ಹೋಗುತ್ತಿದ್ದರು, ಇವರು ದೇಶವನ್ನು ಅರಿಯಲು ಹೊರಟಿದ್ದರು.

ಓದು ಮುಗಿದ ಮೇಲೆ ಕಾರ್ಮಿಕ ನಾಯಕ ನಾ.ಮ. ಜೋಶಿಯವರ ಬಳಿ ಅವರು ಕೆಲಸ ಮಾಡಿದರು. ಜೋಶಿಯವರು ದೇಶದ ಕಾರ್ಮಿಕ ಸಂಘಟನೆಯ ಆದ್ಯರಲ್ಲಿ ಒಬ್ಬರು. ದುಡಿಯುವವರ ಬದುಕನ್ನು ಗ್ರಂಥಗಳಿಂದಾಚೆ ಕಾಣುವ ಅವಕಾಶ ಇಲ್ಲಿ ಒದಗಿತು. ಆದರೆ ಶರೀರ ಸಹಕರಿಸಲಿಲ್ಲ. ಗಂಭೀರವಾದ ಅನಾರೋಗ್ಯ ಅವರನ್ನು ನಗರದಿಂದ ಹೊರಗೆ ತಂದಿತು. 1929ರ ಸುಮಾರಿಗೆ ಅವರು ಬಂದು ನೆಲೆಸಿದ್ದು ಹಿಪ್ಪರಗಾ ಎಂಬ ಹಳ್ಳಿಯಲ್ಲಿ.

ಹಿಪ್ಪರಗಾ ಇಂದು ಧಾರಾಶಿವ ಜಿಲ್ಲೆಯ ಲೋಹಾರಾ ತಾಲ್ಲೂಕಿನಲ್ಲಿದೆ. ಉಮರ್ಗಾ ತಾಲ್ಲೂಕಿಗೆ ಹೊಂದಿಕೊಂಡ ಪ್ರದೇಶವದು. 1921ರಲ್ಲಿ ಅಲ್ಲಿ ಒಂದು ರಾಷ್ಟ್ರೀಯ ಶಾಲೆ ಆರಂಭವಾಗಿತ್ತು. ಕಪ್ಪು ಮಣ್ಣಿನ ನಡುವೆ ಜೋಳ, ತೊಗರಿ ಬೆಳೆಯುವ ಮೂಲೆಯ ಹಳ್ಳಿಯಲ್ಲಿ ಅಂಥದೊಂದು ಶಾಲೆ ನಡೆಯುವುದೇ ಸೋಜಿಗ. ಅದರ ಮಹತ್ವ ತಿಳಿಯಬೇಕಾದರೆ ಅಂದಿನ ಹೈದರಾಬಾದ್ ಸಂಸ್ಥಾನದ ಸ್ಥಿತಿಯನ್ನು ನೆನೆಯಬೇಕು. ಹದಿನಾರು ಜಿಲ್ಲೆಗಳ ಆ ಸಂಸ್ಥಾನದಲ್ಲಿ ಎಂಟು ಜಿಲ್ಲೆಗಳು ತೆಲುಗು, ಐದು ಮರಾಠಿ, ಮೂರು ಕನ್ನಡ. ಆಡಳಿತದ ಭಾಷೆ ಮಾತ್ರ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಅದೇ. 53ನೆಯ ಗಸ್ತಿ ಆಜ್ಞೆಯಂತೆ ಸರ್ಕಾರದ ಅನುಮತಿಯಿಲ್ಲದೆ ಸಾರ್ವಜನಿಕ ಸಭೆ ಸೇರುವಂತಿರಲಿಲ್ಲ. ಖಾಸಗಿ ಶಾಲೆಗಳಿಗೂ ನಿರ್ಬಂಧಗಳಿದ್ದವು. ಸಭೆ ಸೇರಲಾಗದ ನಾಡಿನಲ್ಲಿ ವಿಚಾರ ಹರಡುವ ದಾರಿ ಯಾವುದು? ಒಬ್ಬ ಮನುಷ್ಯ ಇನ್ನೊಬ್ಬನ ಕಟ್ಟೆಗೆ ಹೋಗಿ ಕುಳಿತು ಮಾತನಾಡುವುದೊಂದೇ. ಅನುಮತಿ ಬೇಡದ ಸಭೆ ಅದು.

ಹಿಪ್ಪರಗಾದಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ಸರಳವಾಗಿ ಬದುಕಿ ಕಲಿಯುವ ಪದ್ಧತಿಯಿತ್ತು. ಖಾದಿ, ಶ್ರಮ, ಸ್ವಾವಲಂಬನೆ ಪಾಠದ ಭಾಗಗಳಾಗಿದ್ದವು. ವೆಂಕಟೇಶರು ಅಲ್ಲಿ ಮುಖ್ಯಾಧ್ಯಾಪಕರಾದರು. 1930ರ ದಶಕದ ಆರಂಭದಲ್ಲಿ, ಸ್ವಾಮಿ ರಾಮತೀರ್ಥರ ಪರಂಪರೆಗೆ ಸೇರಿದ ಯತಿಗಳಿಂದ ದೀಕ್ಷೆ ಪಡೆದು ರಾಮಾನಂದ ತೀರ್ಥರೆನಿಸಿದರು. ಸಂನ್ಯಾಸವೆಂದರೆ ಲೋಕದಿಂದ ದೂರ ಸರಿಯುವುದು ಎಂಬ ಸಾಮಾನ್ಯ ತಿಳಿವಳಿಕೆಯನ್ನು ಅವರ ಬದುಕು ಸುಳ್ಳುಮಾಡಿತು. ಅವರು ಮಠ ಕಟ್ಟಲಿಲ್ಲ, ಪೀಠವೇರಲಿಲ್ಲ, ಪಂಥ ಬೆಳೆಸಲಿಲ್ಲ. ಕಾವಿಯುಟ್ಟು ಮತ್ತೆ ಅದೇ ಶಾಲೆಯ ಕಪ್ಪು ಹಲಗೆಯ ಮುಂದೆ ನಿಂತರು.

ಈ ಸೀಮೆಯಲ್ಲಿ ಕಾವಿಬಟ್ಟೆಯ ಪಥಿಕನಿಗೆ ಬಾಗಿಲುಗಳು ತಾವಾಗಿ ತೆರೆಯುತ್ತವೆ. ಪಂಢರಪುರದ ವಾರಕರಿಗಳು, ಗಾಣಗಾಪುರದ ದತ್ತಭಕ್ತರು, ಲಿಂಗಾಯತ ಜಂಗಮರು, ದರ್ಗಾಗಳಿಗೆ ಹೋಗುವ ಫಕೀರರು ಶತಮಾನಗಳಿಂದ ತುಳಿದ ಹಾದಿಗಳಿವು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದೇ ನೆಲದ ಗುಡಿಗಳ ಮುಂದೆ ಕನ್ನಡ ಶಾಸನಗಳು ನಿಂತವು. ಅವುಗಳ ಸುತ್ತ ಬೆಳೆದ ಊರುಗಳು ಇಂದು ಮರಾಠಿಯಲ್ಲಿ ಮಾತನಾಡುತ್ತವೆ. ದಾರಿಹೋಕನಿಗೆ ರೊಟ್ಟಿ, ನೀರು, ಮಲಗಲು ಗುಡಿಯ ಪೌಳಿ ಸಿಕ್ಕುವ ವಾಡಿಕೆಗೆ ಭಾಷೆಯ ಬೇಲಿಯಿರಲಿಲ್ಲ. ಹಾಗೆ ನಡೆಯುವವನಿಗೆ ಎದುರಾಗುತ್ತಿದ್ದವರು ಯಾರು? ವೇಠಬಿಗಾರಿ ಮಾಡಿ ಬಳಲಿದ ಕೂಲಿಗಳು; ತನಗೆ ಅರಿಯದ ಉರ್ದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದ ರೈತ; ಸಾಹುಕಾರನ ಲೆಕ್ಕದಲ್ಲಿ ಹೊಲ ಕಳೆದುಕೊಂಡವನು; ಅಧಿಕಾರಿಗೆ ಅಂಜಿ, ಊರಿಗೂ ಅಂಜಿ ಬದುಕುವ ಪಟೇಲ. ಗ್ರಂಥದಲ್ಲಿ ಪ್ರಜಾಪ್ರಭುತ್ವವನ್ನು ಓದಿ ಬಂದ ಮೇಷ್ಟರಿಗೆ ಅದರ ಅಭಾವ ಎಂಥದೆಂದು ಕಲಿಸಿದವರು ಇಂಥ ಜನ. ಕಲಿಸಲು ಬಂದವರು ಮೊದಲು ಕಲಿಯಬೇಕಾಯಿತು. ರಾಮಾನಂದ ತೀರ್ಥರ ಮುಂದಿನ ರಾಜಕಾರಣದ ಬೇರು ಈ ಎರಡನೆಯ ವಿದ್ಯಾಭ್ಯಾಸದಲ್ಲಿದೆ.

1935ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಹಿಪ್ಪರಗಾ ಬಿಟ್ಟು ಮೋಮಿನಾಬಾದಿಗೆ, ಎಂದರೆ ಇಂದಿನ ಅಂಬಾಜೋಗಾಯಿಗೆ ಹೋದರು. ಬಾಬಾಸಾಹೇಬ ಪರಾಂಜಪೆಯವರು ಜೊತೆಗಿದ್ದರು. ಮರಾಠಿಯ ಆದ್ಯ ಕವಿ ಮುಕುಂದರಾಜರ ಸಮಾಧಿ ಇರುವ ಊರದು. ಅಲ್ಲಿಯ ಯೋಗೇಶ್ವರಿ ಶಾಲೆಗೆ ಹೊಸ ಚೈತನ್ಯ ಬಂದಿತು. ಸುತ್ತಲಿನ ತಾಲ್ಲೂಕುಗಳಿಂದ ಹುಡುಗರು ಬುತ್ತಿಗಂಟು ಹೊತ್ತು ಬಂದು ಸೇರಿದರು. ಮರಾಠವಾಡಾದ ಸ್ವಾತಂತ್ರ್ಯ ಹೋರಾಟಕ್ಕೆ ಕಾರ್ಯಕರ್ತರನ್ನು ಕೊಟ್ಟ ಶಾಲೆಗಳಲ್ಲಿ ಹಿಪ್ಪರಗಾ ಮತ್ತು ಅಂಬಾಜೋಗಾಯಿಗಳ ಹೆಸರು ಮೊದಲು ಬರುತ್ತದೆ.

1938 ಅವರ ಬದುಕಿನ ತಿರುವು. ಸಂಸ್ಥಾನದ ಮೂರು ಭಾಷಾಭಾಗಗಳಲ್ಲಿ ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತು ಎಂದು ಬೇರೆಬೇರೆ ವೇದಿಕೆಗಳಿದ್ದವು. ಒಂದೇ ರಾಜಕೀಯ ಸಂಸ್ಥೆ ಬೇಕೆಂಬ ಒತ್ತಾಯದಿಂದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವುದರಲ್ಲಿತ್ತು. ಅದು ವಿಧ್ಯುಕ್ತವಾಗಿ ಹುಟ್ಟುವ ಮೊದಲೇ, ಸೆಪ್ಟೆಂಬರಿನಲ್ಲಿ, ಸರ್ಕಾರ ಅದನ್ನು ನಿಷೇಧಿಸಿತು. ರಾಮಾನಂದ ತೀರ್ಥರು ಶಾಲೆಯನ್ನು ಬಿಟ್ಟು ಹೋರಾಟಕ್ಕಿಳಿದರು. ಅಕ್ಟೋಬರಿನಲ್ಲಿ ಆರಂಭವಾದ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು. ಅದೇ ವರ್ಷದ ಕೊನೆಗೆ ಉಸ್ಮಾನಿಯಾದ ವಸತಿನಿಲಯಗಳಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ನೂರಾರು ತರುಣರು ಟ್ರಂಕು, ಹಾಸಿಗೆಗಳನ್ನು ಕಟ್ಟಿಕೊಂಡು ಸಂಸ್ಥಾನದ ಗಡಿ ದಾಟಿ ಓದು ಮುಂದುವರಿಸಲು ಹೋದರು. ಹಲವರಿಗೆ ನಾಗಪುರ ವಿಶ್ವವಿದ್ಯಾಲಯ ಆಶ್ರಯ ಕೊಟ್ಟಿತು. ಅವರಲ್ಲಿ ಮುಂದೆ ದೇಶದ ಪ್ರಧಾನಿಯಾದ ಪಿ.ವಿ. ನರಸಿಂಹರಾಯರೂ ಇದ್ದರು. ಸ್ವಾಮಿಗಳನ್ನು ಗುರುವೆಂದು ಭಾವಿಸಿದವರಲ್ಲಿ ಅವರೊಬ್ಬರು. ಹದಿನೆಂಟು ವರ್ಷಗಳ ಹಿಂದೆ ಸೊಲ್ಲಾಪುರದ ಹುಡುಗ ಹಿಡಿದ ಹಾದಿಯನ್ನು ಈಗ ಒಂದು ತಲೆಮಾರೇ ಹಿಡಿದಿತ್ತು.

1940ರಲ್ಲಿ ವೈಯಕ್ತಿಕ ಸತ್ಯಾಗ್ರಹಕ್ಕಾಗಿ, 1942ರಲ್ಲಿ ಕ್ವಿಟ್ ಇಂಡಿಯಾ ಕಾಲದಲ್ಲಿ ಸ್ವಾಮಿಗಳಿಗೆ ಮತ್ತೆ ಸೆರೆವಾಸವಾಯಿತು. 1946ರಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದಾಗ ಅಧ್ಯಕ್ಷತೆ ಅವರ ಪಾಲಿಗೆ ಬಂದಿತು. ಸಂಸ್ಥಾನವು ಭಾರತ ಒಕ್ಕೂಟವನ್ನು ಸೇರಬೇಕೆಂಬ ಚಳವಳಿಗೆ 1947ರ ಆಗಸ್ಟ್ 7ರಂದು ಚಾಲನೆ ದೊರೆಯಿತು. ಎಂಟು ದಿನಗಳ ಬಳಿಕ, ದೇಶದ ಉಳಿದೆಡೆ ಸ್ವಾತಂತ್ರ್ಯೋತ್ಸವ ನಡೆಯುತ್ತಿದ್ದ ಆಗಸ್ಟ್ 15ರಂದು, ಸ್ವಾಮಿಗಳ ಬಂಧನವಾಯಿತು. ನವೆಂಬರ್ ಕೊನೆಗೆ ಬಿಡುಗಡೆ, 1948ರ ಜನವರಿಯಲ್ಲಿ ಮರಳಿ ಬಂಧನ. ಲಾತೂರಿನಲ್ಲಿ ವಕೀಲನಾಗಿದ್ದ ಕಾಸಿಂ ರಜ್ವಿಯ ರಜಾಕಾರರ ಹಾವಳಿ ಆ ತಿಂಗಳುಗಳಲ್ಲಿ ಉಗ್ರವಾಯಿತು. ತರುಣರು ಕಾಲೇಜು ಬಿಟ್ಟು ಸಂಸ್ಥಾನದ ಹೊರಗಿನ ಗಡಿ ಶಿಬಿರಗಳನ್ನು ಸೇರಿದರು. ಕನ್ನಡದ ಮುಂಡರಗಿ, ಗಜೇಂದ್ರಗಡದ ಶಿಬಿರಗಳೂ ಸೊಲ್ಲಾಪುರ ಸೀಮೆಯ ಶಿಬಿರಗಳೂ ಒಂದೇ ಕೆಲಸದಲ್ಲಿ ತೊಡಗಿದ್ದವು. ಉದಗೀರದ ಬಳಿಯ ಹತ್ತಿಬೇಟ ಹೋರಾಟಗಾರರ ನೆಲೆಯಾಯಿತು. ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಈ ಸೀಮೆ ಇಂದಿಗೂ ಮರೆತಿಲ್ಲ. ಹೈದರಾಬಾದಿನಲ್ಲಿ ಒಕ್ಕೂಟದ ಪರವಾಗಿ ಬರೆದ ತಪ್ಪಿಗೆ ಪತ್ರಕರ್ತ ಶೋಯೆಬುಲ್ಲಾ ಖಾನರು ಆಗಸ್ಟಿನಲ್ಲಿ ಕೊಲೆಯಾದರು. ಹೋರಾಟ ಮತಮತಗಳ ನಡುವಿನದಲ್ಲ ಎಂಬುದಕ್ಕೆ ಅವರ ಬಲಿದಾನವೇ ಸಾಕ್ಷಿ. ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ 17ರಂದು ಮುಗಿಯಿತು. ನಿಜಾಮರು ಶರಣಾದರು, ಸ್ವಾಮಿಗಳು ಸೆರೆಯಿಂದ ಹೊರಬಂದರು.

ಇತಿಹಾಸವನ್ನು ಇಲ್ಲಿಗೆ ನಿಲ್ಲಿಸಿದರೆ ಅದು ಉತ್ಸವದ ಭಾಷಣವಾಗುತ್ತದೆ. ಆ ಗೆಲುವಿನ ಬೆನ್ನಿಗೇ ಬಂದ ದಿನಗಳಲ್ಲಿ ಪ್ರತೀಕಾರದ ಕಿಚ್ಚು ಹಳ್ಳಿಹಳ್ಳಿಗೆ ಹಬ್ಬಿತು. ಭಾರತ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಸಂಚರಿಸಿ ನೋಡಿದಾಗ, ಅತಿ ಹೆಚ್ಚು ಹಾನಿಗೊಳಗಾದವೆಂದು ಹೆಸರಿಸಿದ ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ. ಎಂದರೆ ಉಮರ್ಗಾ, ನಿಲಂಗಾ, ಉದಗೀರಗಳೆಲ್ಲ ಆ ವಲಯದೊಳಗೇ ಇದ್ದವು. ಮೊದಲು ರಜಾಕಾರರ ಕೈಯಲ್ಲಿ ಹಿಂದೂಗಳು, ಬಳಿಕ ಪ್ರತೀಕಾರದ ಕೈಯಲ್ಲಿ ಮುಸಲ್ಮಾನರು ನೊಂದರು. ಎರಡು ಸಲವೂ ಸತ್ತವರಲ್ಲಿ ಬಹುತೇಕರು ಏನೂ ಅರಿಯದ ಹಳ್ಳಿಗರು. ಅಪರಿಚಿತನಿಗೆ ರೊಟ್ಟಿ ಕೊಡುತ್ತಿದ್ದ ಊರುಗಳು ಪರಿಚಿತನನ್ನೇ ಕೊಂದವು. ರಾಜ್ಯವನ್ನು ಐದು ದಿನಗಳಲ್ಲಿ ಗೆಲ್ಲಬಹುದು; ಕಟ್ಟೆಯಿಂದ ಕಟ್ಟೆಗೆ ನಡೆದು ಗಳಿಸಿದ ನಂಬಿಕೆ ಒಮ್ಮೆ ಮುರಿದರೆ ಅದನ್ನು ಮತ್ತೆ ಕಟ್ಟಲು ತಲೆಮಾರುಗಳು ಬೇಕು.

ಸ್ವತಂತ್ರ ಹೈದರಾಬಾದಿನಲ್ಲಿ ಸ್ವಾಮಿಗಳು ಮಂತ್ರಿಪದವಿಯನ್ನು ಸ್ವೀಕರಿಸಲಿಲ್ಲ. ಪಕ್ಷದೊಳಗಿನ ಭಿನ್ನಮತಗಳು ಅವರನ್ನು ಬಳಲಿಸಿದವು. ಅವರ ಮನಸ್ಸು ಮರಳಿ ಶಿಕ್ಷಣದತ್ತ ತಿರುಗಿತು. ನಾಂದೇಡ ಶಿಕ್ಷಣ ಸಂಸ್ಥೆಯ ಸ್ಥಾಪನೆಯಾಗಿ ಪೀಪಲ್ಸ್ ಕಾಲೇಜು ತಲೆಯೆತ್ತಿತು. ಉನ್ನತ ಶಿಕ್ಷಣಕ್ಕಾಗಿ ಹೈದರಾಬಾದಿಗೋ ಔರಂಗಾಬಾದಿಗೋ ಹೋಗಬೇಕಾಗಿದ್ದ ಹಳ್ಳಿಯ ಹುಡುಗರಿಗೆ ಅದರಿಂದ ದಾರಿ ಹತ್ತಿರವಾಯಿತು.

ಈ ಕಾಲದಲ್ಲಿ ಅವರು ತಳೆದ ಒಂದು ನಿಲುವು ಗಡಿಯ ಜನರಿಗೆ ಇಂದಿಗೂ ವಿಚಾರಾರ್ಹವಾದುದು. ಹೈದರಾಬಾದ್ ರಾಜ್ಯವನ್ನು ಮೂರು ಭಾಷೆಗಳ ಆಧಾರದ ಮೇಲೆ ವಿಭಜಿಸಿ ನೆರೆಯ ಭಾಷಾರಾಜ್ಯಗಳಿಗೆ ಸೇರಿಸಬೇಕೆಂದು ಬಲವಾಗಿ ವಾದಿಸಿದವರಲ್ಲಿ ಅವರು ಮುಖ್ಯರು. ಪ್ರಧಾನಿ ನೆಹರೂ ಅವರಿಗೇ ಆ ವಿಭಜನೆ ಮೊದಲು ಒಪ್ಪಿಗೆಯಾಗಿರಲಿಲ್ಲ. ನಾಲ್ಕು ಭಾಷೆಗಳ ಬೀದಿಗಳಲ್ಲಿ ಬೆಳೆದವರು ಭಾಷಾವಾರು ವಿಭಜನೆಯನ್ನು ಬಯಸಿದ್ದು ವಿರೋಧಾಭಾಸದಂತೆ ತೋರಬಹುದು. ಆದರೆ ತನ್ನ ಭಾಷೆಯಲ್ಲಿಲ್ಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ರೈತನ ನೆಲೆಯಿಂದ ನೋಡಿದರೆ ಆ ನಿಲುವು ಅರ್ಥವಾಗುತ್ತದೆ. ಜನರ ಭಾಷೆಯಲ್ಲಿ ನಡೆಯದ ಆಡಳಿತ ಜನರದಾಗುವುದಿಲ್ಲ.

1956ರ ನವೆಂಬರ್ 1ರಂದು ರೇಖೆ ಬಿದ್ದಿತು. ಅದುವರೆಗೆ ಬೀದರ ಜಿಲ್ಲೆಯಲ್ಲಿದ್ದ ಅಹ್ಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರ ಮೈಸೂರು ರಾಜ್ಯಕ್ಕೆ ಬಂದಿತು. 1960ರಲ್ಲಿ ಮುಂಬಯಿ ರಾಜ್ಯ ಒಡೆದು ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರು ಜಿಲ್ಲೆ ರಚನೆಯಾಗಿ ನಿಲಂಗಾ, ಉದಗೀರಗಳು ಅದರಲ್ಲಿ ಸೇರಿದವು. ರೇಖೆ ಭಾಷೆಗೆ ನ್ಯಾಯ ಕೊಟ್ಟಿತು. ರೇಖೆಯ ಮೇಲೆ ಬದುಕುವವರಿಗೆ ಮಾತ್ರ ಪೂರ್ಣ ನ್ಯಾಯ ಕೊಡಲಾಗಲಿಲ್ಲ. ಅತ್ತ ಮರಾಠಿ ಮನೆಗಳು, ಇತ್ತ ಕನ್ನಡ ಮನೆಗಳು ಉಳಿದವು. ಯಾವ ರೇಖೆ ಎಲ್ಲಿ ಬಿದ್ದರೂ ಕೆಲವು ಮನೆಗಳು ಹೀಗೆ ಉಳಿಯುತ್ತಿದ್ದವು. ಮಂಜರಾ ಮತ್ತು ತೇರಣಾ ನದಿಗಳ ಬಯಲಿನ ಸಂಬಂಧಗಳು ಹೊಲದ ಬದುವಿನಂತೆ ನೇರವಾಗಿಲ್ಲ.

ಸ್ವಾಮಿಗಳ ಬದುಕೇ ಇದಕ್ಕೊಂದು ಉತ್ತರವನ್ನು ಒಳಗೊಂಡಿದೆ. 1952ರ ಮೊದಲ ಮಹಾಚುನಾವಣೆಯಲ್ಲಿ ಅವರು ಲೋಕಸಭೆಗೆ ಆಯ್ಕೆಯಾದದ್ದು ಗುಲ್ಬರ್ಗಾದಿಂದ. 1957ರಲ್ಲಿ ಆಯ್ಕೆಯಾದದ್ದು ಔರಂಗಾಬಾದಿನಿಂದ. ನಡುವಣ ವರ್ಷಗಳಲ್ಲಿ ಆ ಎರಡು ಊರುಗಳ ಮಧ್ಯೆ ರಾಜ್ಯದ ಗಡಿ ಹಾದುಹೋಗಿತ್ತು. ಕನ್ನಡದ ಮತದಾರರೂ ಮರಾಠಿಯ ಮತದಾರರೂ ಒಬ್ಬರನ್ನೇ ತಮ್ಮವರೆಂದು ಒಪ್ಪಿದರು. ಭಾಷೆಗೊಂದು ರಾಜ್ಯವಿರಲಿ, ಮನುಷ್ಯನು ಮಾತ್ರ ಅದರಾಚೆಗೂ ನಡೆಯಲಿ ಎಂಬುದೇ ಅವರ ನಡೆಯ ಸಾರವೆಂದು ತಿಳಿಯಬಹುದು. ಬೇರೆ ಭಾಷೆಯ ಊರನ್ನು ತನ್ನದೆನ್ನಲು ಸ್ವಂತ ಭಾಷೆಯನ್ನು ಬಿಟ್ಟುಕೊಡಬೇಕಿಲ್ಲ. ಅಲ್ಲಿಗೆ ಹೋಗಿ ಇರಬೇಕು, ಅಲ್ಲಿಯವರ ಮಾತಿಗೆ ಕಿವಿಗೊಡಬೇಕು.

1967ರಲ್ಲಿ ಹೈದರಾಬಾದ್ ವಿಮೋಚನೆಯ ಹೋರಾಟವನ್ನು ಕುರಿತ ಅವರ ನೆನಪುಗಳ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. 1972ರ ಜನವರಿ 22ರಂದು ಸ್ವಾಮಿಗಳು ದೇಹ ಬಿಟ್ಟರು. ಹೈದರಾಬಾದಿನ ಬೇಗಂಪೇಟೆಯಲ್ಲಿ ಅವರ ಸಮಾಧಿಯಿದೆ. ಹುಟ್ಟು ಕನ್ನಡ ಸೀಮೆಯಲ್ಲಿ, ದುಡಿಮೆ ಮರಾಠಿ ಸೀಮೆಯಲ್ಲಿ, ಸಮಾಧಿ ತೆಲುಗು ಸೀಮೆಯಲ್ಲಿ. 1994ರ ಸೆಪ್ಟೆಂಬರ್ 17ರಂದು ನಾಂದೇಡದಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದೇ ಸೆಪ್ಟೆಂಬರ್ 17ನ್ನು ಗಡಿಯ ಒಂದು ಬದಿ ಮರಾಠವಾಡಾ ಮುಕ್ತಿಸಂಗ್ರಾಮ ದಿನವೆಂದೂ ಇನ್ನೊಂದು ಬದಿ ಕಲ್ಯಾಣ ಕರ್ನಾಟಕ ಉತ್ಸವವೆಂದೂ ಆಚರಿಸುತ್ತದೆ. ಹೆಸರು ಎರಡಾದರೂ ದಿನ ಒಂದೇ.

ಹೆಗಲಿಗೆ ಚೀಲ ಏರಿಸಿ ಹೊರಡುವ ವಿದ್ಯಾರ್ಥಿ ಇಂದು ಕೋಟೆ ನೋಡುತ್ತಾನೆ, ಗುಹೆ ನೋಡುತ್ತಾನೆ, ಚಿತ್ರ ತೆಗೆದುಕೊಂಡು ಸಂಜೆಗೆ ಮರಳುತ್ತಾನೆ. ಅದರಲ್ಲಿ ತಪ್ಪೇನಿಲ್ಲ. ಉಮರ್ಗಾದಿಂದ ಹೊರಟವನು ಲೋಹಾರಾದ ಕಡೆಗೆ ಹೊರಳಿ ಹಿಪ್ಪರಗಾದಲ್ಲಿ ಒಂದು ಗಳಿಗೆ ನಿಂತು, ಅಲ್ಲಿಯ ಕಟ್ಟೆಯ ಮೇಲೆ ಕುಳಿತ ಹಿರಿಯರೊಡನೆ ಅವರದೇ ಮಾತಿನಲ್ಲಿ ನಾಲ್ಕು ಮಾತನಾಡಿ ಬಂದರೆ, ತನ್ನ ಅಂಕಪಟ್ಟಿಯ ಮೇಲಿನ ಹೆಸರು ಅವನಿಗೆ ಹೆಚ್ಚು ಪರಿಚಿತವಾದೀತು.